ಹಿಂಡಲಗಾಕ್ಕೆ ಹೋಗುತ್ತಿದ್ದ ಕಾಕು

ಕಾಕುವಿನ ಎಡಗೈ ಮಣಿಕಟ್ಟಿನ ಬಳಿ ಸೊಟ್ಟಗಿತ್ತು. ಮುರಿದ ಎಲುಬು ನೆಟ್ಟಗೆ ಕೂಡಿರಲಿಲ್ಲ. ಬಲಗೈಯೊಂದರಲ್ಲೇ ರೊಟ್ಟಿ ತಟ್ಟುತ್ತಿದ್ದರು.

ಹಳೆಯ ಕಟ್ಟಡಗಳ ಚಿತ್ರ ಬರೆಯಲು ಮೈಸೂರಿನಿಂದ ಬೆಳಗಾವಿಗೆ ಹೋದ ನಾನು ಆ ಚಳಿಗಾಲವಿಡೀ ಕ್ಯಾಂಪ್ ಎಂಬ ದಂಡಿನ ಬಡಾವಣೆಯಲ್ಲಿ ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಾಕು ಎಂದರೆ ಅಲ್ಲಿ ಚಿಕ್ಕಮ್ಮ; ಓಣಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಬೆಳಗಾದರೆ ಸೈನಿಕರ ಬೂಟಿನ ಸದ್ದು, ಬೇಕರಿಯ ಬ್ರೆಡ್ಡಿನ ವಾಸನೆ, ಚರ್ಚಿನ ಗಂಟೆ, ಕನ್ನಡದಲ್ಲಿ ಜಗಳ ತೆಗೆದು ಮರಾಠಿಯಲ್ಲಿ ರಾಜಿಯಾಗುವ ತರಕಾರಿ ಹೆಂಗಸರು. ನನಗೆ ಎಲ್ಲವೂ ಚೆಂದ.

"ನೀ ನಾಕ್ ದಿನಾ ಇರಾಕಿ. ನಿನಗ ಚೊಲೋನ ಕಾಣ್ತೈತಿ," ಎನ್ನುತ್ತಿದ್ದರು ಕಾಕು.

ಆಗಾಗ ಇಳಕಲ್ ಸೀರೆ ಉಟ್ಟು ಹಿಂಡಲಗಾ ಬಸ್ಸು ಹತ್ತುತ್ತಿದ್ದರು. ಅಲ್ಲಿನ ಗಣಪತಿ ಗುಡಿಗೆ ಇರಬೇಕು ಎಂದುಕೊಂಡು ಒಮ್ಮೆ ನಾನೂ ಜೊತೆಗೆ ಹೊರಟೆ. ಬೇಡ ಎನ್ನಲಿಲ್ಲ. ಇಳಿದದ್ದು ಜೈಲಿನ ಮುಂದೆ.

ಗೇಟಿನ ಕಾವಲುಗಾರ ಒಳಗೆ ವಿಚಾರಿಸಿ ಬಂದು ಮೆಲ್ಲಗೆ, "ಇವತ್ತೂ ಬರೂದಿಲ್ಲಂತಾನ್ರಿ, ಕಾಕು," ಎಂದ.

ಹೊರಗೆ ಮರದಡಿ ಕುಳಿತು ನನಗೆ ಹೇಳಿದರು. ಒಬ್ಬನೇ ಮಗ ಕುಡಿದು ಬಂದು ಹೆಂಡತಿಯನ್ನು ಹೊಡೆದು ಕೊಂದಿದ್ದ. ಬಿಡಿಸಲು ಹೋದಾಗ ಇವರ ಕೈ ಮುರಿದಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೆಂಟರೆಲ್ಲ ಬೇಡವೆಂದು ಕಾಲು ಹಿಡಿದರೂ ಕೋರ್ಟಿನಲ್ಲಿ ಕಂಡದ್ದನ್ನೇ ಹೇಳಿದರು. ಅಂದಿನಿಂದ ಮಗ ಮುಖ ತೋರಿಸಿರಲಿಲ್ಲ.

"ಕಂಡಿಲ್ಲ ಅಂದಿದ್ದರೆ ಆಗುತ್ತಿತ್ತಲ್ಲ, ಕಾಕು?" ಬಾಯಿ ತಪ್ಪಿ ಕೇಳಿಬಿಟ್ಟೆ.

"ಸೊಸಿ ಅವ್ವ ಖಾನಾಪುರದಾಗ ಅದಾಳ, ತಂಗಿ. ನನ್ನ ಮಗಳಿಗೆ ಏನಾತು ಅಂತ ಆಕಿ ಕೇಳಿದ್ರ ನಾ ಏನ್ ಹೇಳ್ಲಿ?" ಸೊಟ್ಟ ಕೈಯ ಮೇಲೆ ಸೆರಗು ಎಳೆದುಕೊಂಡು, "ಖರೇ ಹೇಳೀನಿ. ಆದ್ರ ಹೊಟ್ಟ್ಯಾಗಿನ ಬೆಂಕಿ ಆರಿಲ್ಲ ನೋಡು," ಎಂದರು.

ಆಮೇಲೆ ಅದೇ ಬೀದಿಗಳಲ್ಲಿ ಚಿತ್ರಕ್ಕೆ ಕುಳಿತರೆ, ಬಂಗಲೆಗಳ ಮುಚ್ಚಿದ ಬಾಗಿಲಿನ ಹತ್ತಿರ ಬಂದಾಗ ಕೈ ತಡೆಯುತ್ತಿತ್ತು. ಒಳಗೆ ಯಾರಿದ್ದಾರೋ, ಏನು ಕಂಡವರೋ.

ಮರುವರ್ಷ ಕಾಕು ತೀರಿಕೊಂಡ ಸುದ್ದಿ ಬಂದು ಮೈಸೂರಿನಿಂದ ಧಾವಿಸಿದೆ. ಮಣ್ಣು ಮಾಡಿದ್ದು ಪಾರಿಶ್ವಾಡದಲ್ಲಿ, ಅವರ ತವರಿನ ಹೊಲದಲ್ಲಿ. ಖಾನಾಪುರದಿಂದ ಬಂದಿದ್ದ ಸೊಸೆಯ ತಾಯಿಯೇ ಅವರ ಹಣೆಗೆ ವಿಭೂತಿ ಹಚ್ಚಿದರು. ಕುಣಿಗೆ ಇಳಿಸುವ ಹೊತ್ತಿಗೆ ಪೊಲೀಸ್ ಜೀಪಿನಲ್ಲಿ ಮಗ ಬಂದ. ಜನ ಹಿಂದೆ ಸರಿದರು. ಅವನು ದೂರದಲ್ಲೇ ನಿಂತ.

ಸೊಸೆಯ ತಾಯಿ ಅವನ ಮುಖ ನೋಡಲಿಲ್ಲ.

"ಬಾ, ಮಣ್ಣ ಹಾಕು," ಎಂದರು. "ನನ್ನ ಮಗಳ ಸಂಬಂಧ ಬಾಯಿ ಬಿಟ್ಟಾಕಿ ಇಕಿ ಒಬ್ಬಾಕೀನ. ನಿನ್ನ ಸಂಬಂಧ ಅತ್ತಾಕೀನೂ ಇಕೀನ."

ಅವನು ಮಣ್ಣು ಹಾಕಿದ. ಜೀಪು ಅವನನ್ನು ಕರೆದುಕೊಂಡು ಹೋಯಿತು. ಊರಿನವರೂ ಒಬ್ಬೊಬ್ಬರಾಗಿ ಹೊರಟರು. ಆ ತಾಯಿ ಮಾತ್ರ ಹಸಿಮಣ್ಣಿನ ಪಕ್ಕದಲ್ಲಿ ಕುಳಿತೇ ಇದ್ದರು. ನಾನೂ ಹೋಗಿ ಅವರ ಬಾಜು ಕುಳಿತೆ.