ಹುಳುಕಮ್ಮ ಪಚ್ಚೆ ತೊಳೆದದ್ದು

ತೊಳೆಯುವ ಮೊದಲು ಆ ಪಚ್ಚೆಕಲ್ಲು ಕೊಳದ ನೀರನ್ನು ಹನಿ ಮಾಡಿ ಕೂರಿಸಿದಂತಿತ್ತು. ತೊಳೆದ ಮೇಲೆ ಕಲ್ಲೇಟು ತಿಂದ ಬಸ್ಸಿನ ಗಾಜಿನಂತಾಯಿತು. ನಡುವೆ ಕಳೆದದ್ದು ನಾಲ್ಕೇ ನಿಮಿಷ.

ತೊಳೆದವಳು ಹುಳುಕಮ್ಮ. ರತ್ನ ಪರೀಕ್ಷೆಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ವಜ್ರದೊಳಗಿನ ಹುಳುಕು ಹುಡುಕಿ ಸಂಬಳ ತೆಗೆದುಕೊಂಡವಳಿಗೆ ಜೊತೆಯವರು ಕೊಟ್ಟ ಬಿರುದು ಅದು. ಎದುರಿಗೆ ಕುಳಿತಿದ್ದವಳು ಅವಳ ಸ್ವಂತ ಅಕ್ಕ, ಉಂಗುರ ಅಕ್ಕನದು. ಅಕ್ಕನ ಪಕ್ಕದಲ್ಲಿ, ಕಲ್ಲಿಗೆ ಗಿರಾಕಿ ಹಿಡಿದುಕೊಡಲು ಬಂದಿದ್ದ ದಲ್ಲಾಳಿ.

ಅವಳ ಕಚೇರಿಯ ಕೋಣೆಯಲ್ಲಿ ಗುಂಯ್ ಎನ್ನುವ ಪುಟ್ಟ ಸ್ಟೀಲ್ ತೊಟ್ಟಿಯೊಂದಿದೆ. ಒಳಗೆ ಬಿಸಿ ಸೋಪುನೀರು. ವಜ್ರ ಯಾರದೇ ಇರಲಿ, ಮೊದಲು ಅಲ್ಲಿ ಮಿಂದು ಬರಬೇಕು. ಇಲ್ಲದಿದ್ದರೆ ಮೈಮೇಲಿನ ಧೂಳಿನ ಕಣ ಭೂತಗನ್ನಡಿಯಲ್ಲಿ ಹೊಟ್ಟೆಯೊಳಗಿನ ಕಲೆಯಂತೆ ಕಂಡೀತು. ಹುಳುಕಮ್ಮ ಅಕ್ಕನ ಕ್ಷೇಮಸಮಾಚಾರ ಕೇಳುತ್ತಲೇ ಉಂಗುರವನ್ನು ತೊಟ್ಟಿಗೆ ಇಳಿಬಿಟ್ಟಳು. ಬಾಯಿ ಅಕ್ಕನ ಕಡೆಗಿತ್ತು, ಕೈ ತನ್ನ ಪಾಡಿಗೆ ಇಪ್ಪತ್ತೆರಡು ವರ್ಷದ ಕೆಲಸ ಮಾಡಿತು.

"ಮೇಡಂ, ಪಚ್ಚೇನ ಬಿಸಿನೀರಿಗೆ ಹಾಕಿದ್ರಾ?" ದಲ್ಲಾಳಿ ಎದ್ದೇ ನಿಂತ. "ನಮ್ಮಂಗಡಿ ಕಸ ಗುಡಿಸೋಳೂ ಹಾಕಲ್ಲ!"

ಹುಳುಕಮ್ಮ ಚಿಮಟದಲ್ಲಿ ಉಂಗುರವೆತ್ತಿದಳು. ಮುಖ ಕೆಂಪಾಯಿತು, ಕಲ್ಲು ಬಿಳಚಿಕೊಂಡಿತ್ತು.

"ಒಡೆದುಹೋಯ್ತೇನೇ?" ಅಂದಳು ಅಕ್ಕ.

"ಒಡೀಲಿಲ್ಲಕ್ಕ. ಮೊದಲಿಂದ್ಲೂ ಹೀಗೇ ಇತ್ತು. ಬಿರುಕಿಗೆಲ್ಲ ಎಣ್ಣೆ ತುಂಬಿಸಿದ್ರು. ಈಗ ಎಣ್ಣೆ ಹೋಯ್ತು."

"ತಲೆಗೆ ಹಾಕೋದು ಕೇಳಿದ್ದೆ. ಕಲ್ಲಿಗೂ ಎಣ್ಣೆ ಹಾಕ್ತಾರಾ?"

"ಎಣ್ಣೆ ಕುಡೀದೇ ಇರೋ ಪಚ್ಚೆ ಸಾವಿರಕ್ಕೊಂದು ಅಮ್ಮ," ಅಂದ ದಲ್ಲಾಳಿ. "ಎಷ್ಟು ಕುಡಿದಿದೆ ಅನ್ನೋದೇ ಲೆಕ್ಕ. ನಿಮ್ಮದು ಎಣ್ಣೆ ಮೇಲೇ ನಿಂತಿತ್ತು."

ಪಚ್ಚೆಯೊಳಗೆ ಬಿರುಕು ಇದ್ದೇ ಇರುತ್ತದೆ. ಮರ್ಯಾದೆಗೆ ಅದನ್ನು 'ತೋಟ' ಎನ್ನುತ್ತಾರೆ. ತೋಟ ಭೂತಗನ್ನಡಿಗೆ ಮಾತ್ರ ಕಂಡರೆ ಬೆಲೆಗೆ ಭಂಗವಿಲ್ಲ, ಬರಿಗಣ್ಣಿಗೇ ಕಂಡರೆ ಬೆಲೆ ಬಿತ್ತು. ಅಕ್ಕನ ಕಲ್ಲಿನಲ್ಲಿ ತೋಟವಿರಲಿಲ್ಲ, ಕಾಡಿತ್ತು. ಮತ್ತೆ ಎಣ್ಣೆ ತುಂಬಿಸಬಹುದಲ್ಲ ಎಂದು ಅಕ್ಕ ಕೇಳಿದ್ದಕ್ಕೆ ದಲ್ಲಾಳಿ, "ತುಂಬಿಸಿ, ಬೇಡ ಅನ್ನಲ್ಲ. ಆದ್ರೆ ನಾನು ನೋಡಿಬಿಟ್ಟೆನಲ್ಲ," ಎಂದು ಚಪ್ಪಲಿ ಮೆಟ್ಟಿದ. ಕಲ್ಲಿನ ವ್ಯಾಪಾರ ನಡೆಯುವುದು ಒಂದೇ ಬೀದಿಯಲ್ಲಿ. ಈ ತುದಿಯಲ್ಲಿ ಸೀನಿದರೆ ಆ ತುದಿಯಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಕಲ್ಲಿಗೆ ಹತ್ತರಲ್ಲಿ ಒಂದು ಪಾಲು ಬೆಲೆ ನಿಂತಿತು.

ಅಕ್ಕ ಆಸೆಬುರುಕಿಯಾಗಿ ಮಾರಲು ಬಂದವಳಲ್ಲ. ಅವಳ ಗಂಡನ ಹೃದಯದ ಕವಾಟ ಕೆಟ್ಟಿತ್ತು. ಆಪರೇಷನ್ನಿಗೆ ಉಳಿದಿದ್ದ ದಾರಿ ಈ ಉಂಗುರವೊಂದೇ. ಗಂಡ ಲಿಫ್ಟ್ ರಿಪೇರಿಯವನು, ಊರಿನ ಎತ್ತರದ ಕಟ್ಟಡಗಳನ್ನೆಲ್ಲ ಏರಿಸಿ ಇಳಿಸಿದವನು. ಅವನ ಮನೆ ಮಾತ್ರ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಹನ್ನೆರಡು ಮೆಟ್ಟಿಲಿಗೊಮ್ಮೆ ಕುಳಿತು ಉಸಿರು ತೆಗೆದುಕೊಳ್ಳುತ್ತಿದ್ದ.

ಸುದ್ದಿ ಕೇಳಿ ಅವನು ನಕ್ಕ. "ನಿನ್ನ ತಂಗೀನ ಕರೆಸಿ ನನ್ನ ಹೃದಯಾನೂ ಒಂದ್ಸಲ ನೋಡಿಸು. ಬೇಡ ಬೇಡ, ತೊಳೆದುಬಿಟ್ಟಾಳು!"

ಅಕ್ಕನಿಗೆ ನಗು ಬರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತು ಮಾತ್ರೆ ಬಿಡಿಸುತ್ತ ಅವಳು ಹನ್ನೊಂದು ವರ್ಷ ಹಿಂದಿನದೊಂದು ಮಧ್ಯಾಹ್ನವನ್ನು ನೆನೆಯುತ್ತಿದ್ದಳು. ಅಮ್ಮ ಹೋದ ಮೇಲೆ ಉಳಿದದ್ದು ಎರಡೇ: ಎರಡು ಕೋಣೆಯ ಮನೆ, ಮತ್ತು ಈ ಉಂಗುರ. ಪಾಲು ಮಾಡಲು ಕುಳಿತಿದ್ದ ಸೋದರಮಾವ, ಮನೆಯಲ್ಲೇ ಪರೀಕ್ಷಕಿ ಇರುವಾಗ ಹೊರಗಿನವರಿಗೆ ಯಾಕೆ ತೋರಿಸಬೇಕು ಎಂದು ಉಂಗುರವನ್ನು ಹುಳುಕಮ್ಮನ ಅಂಗೈಗೆ ಹಾಕಿದ್ದ. ಅವಳು ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು, "ಚೊಕ್ಕವಾಗಿದೆ. ಮೇಲ್ದರ್ಜೆ. ಮನೆಗೆ ಸರಿಸಮ," ಅಂದಿದ್ದಳು. ಕಲ್ಲು ಅಕ್ಕನಿಗೆ ಬಂತು, ಸೂರು ತಂಗಿಗೆ ಹೋಯಿತು.

ತಂಗಿಯ ಕಣ್ಣನ್ನು ಅಕ್ಕ ಅನುಮಾನಿಸಿದವಳೇ ಅಲ್ಲ. ಎಷ್ಟೋ ಸಲ ಅವಳ ಕಚೇರಿಗೆ ಹೋಗಿ, ಮೂಲೆಯ ಸ್ಟೂಲಿನಲ್ಲಿ ಕುಳಿತು ಕೆಲಸ ನೋಡಿದ್ದಳು. ಬಿಳಿ ದೀಪ, ಬಿಳಿ ಕಾಗದ, ಹತ್ತು ಪಟ್ಟು ಹಿಗ್ಗಿಸುವ ಗಾಜು. ಒಳಗಿನ ಕಲೆಗೆ ಕೆಂಪು ಶಾಯಿ, ಮೈಮೇಲಿನ ಗೀರಿಗೆ ಹಸಿರು ಶಾಯಿ. ಪ್ರತಿ ಕಲ್ಲಿಗೂ ಒಂದು ನಕ್ಷೆ. ಶಾಲೆಯಲ್ಲಿ ಕೆಂಪು ಶಾಯಿ ಅಂದರೆ ನಪಾಸು, ಇಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ಒಂದೇ ತೂಕ, ಒಂದೇ ಬಣ್ಣದ ಎರಡು ವಜ್ರವಿಟ್ಟು ಹುಳುಕಮ್ಮ ಹೇಳುತ್ತಿದ್ದಳು: "ಇದಕ್ಕೆ ಅಂಚಲ್ಲಿ ಚುಕ್ಕೆ, ಉಂಗುರದ ಹಿಡಿ ಕೂತ್ರೆ ಮುಚ್ಚಿಹೋಗುತ್ತೆ. ಅದಕ್ಕೆ ನಟ್ಟನಡುವೆ. ಚುಕ್ಕೆ ಅಷ್ಟೇ ದಪ್ಪ, ಬೆಲೆ ಅರ್ಧ. ನಮ್ಮ ಹಾಗೇ ಅಕ್ಕ, ತಪ್ಪು ಎಷ್ಟು ದೊಡ್ಡದು ಅಂತ ಯಾರೂ ಕೇಳಲ್ಲ. ಎಲ್ಲಿದೆ ಅಂತ ನೋಡ್ತಾರೆ."

"ಹತ್ತು ಪಟ್ಟಲ್ಲಿ ಕಾಣದೆ ಹನ್ನೊಂದರಲ್ಲಿ ಕಂಡ್ರೆ?"

"ಹತ್ತರಲ್ಲಿ ಕಾಣದ್ದು ಇಲ್ಲವೇ ಇಲ್ಲ. ಹನ್ನೊಂದನೇದು ದೇವರ ಡಿಪಾರ್ಟ್‌ಮೆಂಟು."

ಒಬ್ಬರೇ ನೋಡಿ ದರ್ಜೆ ಕೊಡುವ ಪದ್ಧತಿ ಅಲ್ಲಿಲ್ಲ. ಒಂದು ಕಲ್ಲನ್ನು ಮೂವರು ಬೇರೆಬೇರೆಯಾಗಿ ನೋಡುತ್ತಾರೆ, ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸುವಂತಿಲ್ಲ. ಇಬ್ಬರ ಮಾತು ಕೂಡಿದರೆ ಮಾತ್ರ ಮುದ್ರೆ. ಅಮ್ಮನ ಉಂಗುರವನ್ನು ನೋಡಿದವಳು ಒಬ್ಬಳೇ, ಅವಳೂ ಪಾಲುದಾರಳು. ಇದು ಹನ್ನೊಂದು ವರ್ಷ ಯಾರ ತಲೆಗೂ ಹೊಳೆದಿರಲಿಲ್ಲ. ಈಗ ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

ಮೊದಲು ಬಾಯಿಬಿಟ್ಟವಳು ಚಿಕ್ಕಮ್ಮ. ಅಕ್ಕನ ಅಡುಗೆಮನೆಯ ಬಾಗಿಲಿಗೆ ಒರಗಿ, "ಹುಳುಕು ಹುಡುಕೋದೇ ಹೊಟ್ಟೆಪಾಡು, ಅವತ್ತೊಂದು ದಿನ ಮಾತ್ರ ಕಾಣಲಿಲ್ವಂತೆ! ನಾನೇನೂ ಹೇಳಲ್ಲಮ್ಮ," ಎಂದು ಹೇಳಬೇಕಾದದ್ದೆಲ್ಲ ಹೇಳಿ ಹೋದಳು.

ಹುಳುಕಮ್ಮ ಸುಮ್ಮನೆ ಕೂರಲಿಲ್ಲ. ಆ ವಾರವೇ ಭಾವನ ಆಪರೇಷನ್ನಿಗೆಂದು ಮನೆಯನ್ನು ಅಡವಿಡಲು ಬ್ಯಾಂಕಿಗೆ ಹೋದಳು. ಅಮ್ಮನ ಹೆಸರಿನಿಂದ ತನ್ನ ಹೆಸರಿಗೆ ಪತ್ರ ಬದಲಾಯಿಸದೆ ಹನ್ನೊಂದು ವರ್ಷ ಬಿಟ್ಟಿದ್ದಳು. ಕಲ್ಲಿನೊಳಗೆ ಕೂದಲೆಳೆ ಕಾಣುವವಳಿಗೆ ಕಾಗದದ ಮೇಲಿನ ಅಮ್ಮನ ಹೆಸರು ಕಂಡಿರಲಿಲ್ಲ. ಆ ಮೇಜಿನಿಂದ ಈ ಮೇಜಿಗೆ, ಈ ಮೇಜಿನಿಂದ ಊಟದ ವಿರಾಮಕ್ಕೆ, ಹೀಗೆ ನಾಲ್ಕು ವಾರ ಹೋಯಿತು.

ನಾಲ್ಕನೆಯ ವಾರದ ಗುರುವಾರ ಅಕ್ಕನ ಗಂಡ ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ಮೆಟ್ಟಿಲ ಮೇಲೆ ಕುಳಿತ. ಅವನು ಅಲ್ಲಿ ಕುಳಿತುಕೊಳ್ಳುವುದು ಎಲ್ಲರಿಗೂ ಅಭ್ಯಾಸವಾಗಿತ್ತು. ಎದುರುಮನೆಯಾತ ಇಳಿಯುತ್ತ, "ಏನ್ಸಾರ್, ಇವತ್ತು ಎಷ್ಟನೇ ಸ್ಟಾಪು?" ಎಂದು ದಾಟಿಕೊಂಡು ಹೋದ. ಹಾಲು ತೆಗೆದುಕೊಂಡು ಮರಳಿ ಬರುವಾಗಲೂ ಅವನು ಅದೇ ಸ್ಟಾಪಿನಲ್ಲಿದ್ದ. ತಲೆ ಮಾತ್ರ ಗೋಡೆಗೆ ಒರಗಿತ್ತು.

ಬ್ಯಾಂಕಿನ ಹಣ ಸೋಮವಾರ ಬಂತು.

ಬಂದವರೆಲ್ಲ ಕರಗಿ, ಬಾಡಿಗೆ ಕುರ್ಚಿಗಳನ್ನು ಹೊತ್ತೊಯ್ದ ಮೇಲೆ ಹುಳುಕಮ್ಮ ಬಂದಳು. ಚೆಕ್ಕನ್ನು ಮೇಜಿನ ಮೇಲಿಟ್ಟು, ಅದು ಹಾರದಂತೆ ಮಾತ್ರೆಯ ಸೀಸೆ ಹೇರಿ, ಎದುರಿಗೆ ಕುಳಿತಳು. ಮೊಳೆಯಲ್ಲಿ ಭಾವನ ಉಪಕರಣದ ಚೀಲ ತೂಗುತ್ತಿತ್ತು.

ಅಕ್ಕ ಈ ನಾಲ್ಕು ವಾರವೂ ಒಂದೇ ಪ್ರಶ್ನೆಯನ್ನು ನಾಲಗೆಯಡಿ ಇಟ್ಟುಕೊಂಡಿದ್ದಳು. ಕೇಳದಿರಲು ಕಾರಣವಿತ್ತು. ಗೊತ್ತಿತ್ತು ಅಂದರೆ ತಂಗಿ ಕಳ್ಳಿಯಾಗುತ್ತಾಳೆ. ಕಾಣಲಿಲ್ಲ ಅಂದರೆ ಆ ಕಣ್ಣು, ಅಮ್ಮ ಬೀದಿಗೆಲ್ಲ ಹೇಳಿಕೊಂಡು ಮೆರೆದಿದ್ದ ಕಣ್ಣು, ಸುಳ್ಳಾಗುತ್ತದೆ. ಗಂಡ ಇರುವಾಗ ಎರಡೂ ತಡೆದುಕೊಳ್ಳುವುದು ಕಷ್ಟವೆನಿಸಿತ್ತು. ಈಗ ಉಳಿದಿರುವುದು ತಂಗಿಯೊಬ್ಬಳೇ. ಅವಳೂ ಇದ್ದಾಳೋ ಇಲ್ಲವೋ ತಿಳಿಯಬೇಕಿತ್ತು.

"ಪುಟ್ಟಿ," ಅಂದಳು. "ಸುಳ್ಳು ಹೇಳಬೇಡ. ಯಾವುದಾದ್ರೂ ತಡ್ಕೋತೀನಿ. ಅವತ್ತು ಆ ಕಲ್ಲೊಳಗೆ ನಿಂಗೆ ಏನು ಕಾಣಿಸ್ತು?"

ಹುಳುಕಮ್ಮ ಸೆರಗಿನ ಅಂಚನ್ನು ಉಗುರಿನಲ್ಲಿ ಕೆರೆದಳು.

"ನೋಡಿದ್ದೆಲ್ಲಿ ಅಕ್ಕ? ಗಾಜು ಕಣ್ಣಿಗೆ ಹಿಡಿದೆ, ಅಷ್ಟೇ. ಎರಡೂವರೆ ಆಗಿಹೋಗಿತ್ತು. ಪಾಲು ಮುಗೀದೆ ಯಾರೂ ಊಟಕ್ಕೆ ಏಳೋ ಹಾಗಿಲ್ಲ ಅಂತ ಮಾವ ಹಟ ಹಿಡಿದಿದ್ರು. ನಂಗೆ ಹಸಿವಾಗಿತ್ತು."