ಪಾಪ ಎಲ್ಲೈತೆ?

ನಾನು ತೊಳೆದಿಟ್ಟ ಕಾಫಿ ಕಪ್ಪುಗಳನ್ನು ಯಜಮಾನಿ ಮೂಸಿ ನೋಡುತ್ತಿದ್ದುದನ್ನು ಕಂಡ ದಿನವೇ ಅವರಿಗೆ ನನ್ನ ಮೇಲೆ ಏನೋ ಅನುಮಾನ ಹತ್ತಿದೆ ಎಂದು ತಿಳಿಯಿತು. ಜರ್ಮನಿಗೆ ಬಂದು ನಾಲ್ಕು ತಿಂಗಳಾಗಿತ್ತು. ಅವರ ಮನೆಯಲ್ಲೇ ಇದ್ದು, ಐದು ವರ್ಷದ ಹುಡುಗಿಯನ್ನೂ ಎರಡು ವರ್ಷದ ಅವಳ ತಮ್ಮನನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ಗಂಡ ಹೆಂಡತಿ ಬೇರೆಯಾಗಿದ್ದರು. ಅಪ್ಪ ಭಾನುವಾರ ಮಾತ್ರ ಬಂದು ಮಕ್ಕಳನ್ನು ಹೊರಗೆ ಕರೆದೊಯ್ಯುತ್ತಿದ್ದರು.

ಕಪ್ಪಿನ ನಂತರ ಸೋಫಾ. ದಿಂಬು ಎತ್ತಿ ನೋಡುವರು. ಬೆಳಿಗ್ಗೆ ಯಾರಾದರೂ ಬಂದಿದ್ದರಾ ಎಂದು ಕೇಳುವರು. ಇಲ್ಲ ಎಂದರೆ "ಹೂಂ" ಎನ್ನುವರು, ಆದರೆ ಅದು ನಂಬಿದ ಹೂಂ ಅಲ್ಲ. ನನಗೆ ಮೈಯೆಲ್ಲ ಉರಿಯಿತು. ಮೊಳಕಾಲ್ಮೂರಿನಲ್ಲಿ ನಮ್ಮದು ಮಗ್ಗದ ಮನೆ. ಯಾರ್‍ಯಾರದೋ ರೇಷ್ಮೆ, ಜರಿ ನಮ್ಮಲ್ಲಿ ವಾರಗಟ್ಟಲೆ ಇರುತ್ತಿತ್ತು, ಒಂದು ಎಳೆ ಆಚೀಚೆ ಆಗಿರಲಿಲ್ಲ. ಅಂಥ ಮನೆಯವಳು ಕಳ್ಳಿಯೇ? ಬೇಕೆಂದೇ ನನ್ನ ಸೂಟ್‌ಕೇಸ್ ತೆರೆದಿಟ್ಟು ಓಡಾಡಿದೆ. ಹುಡುಗನ ಕರಡಿ ಗೊಂಬೆಯ ಕಣ್ಣಲ್ಲಿ ಕ್ಯಾಮೆರಾ ಇರಬಹುದೆಂದು ಒಂದು ವಾರ ಅದನ್ನು ಗೋಡೆಗೆ ಮುಖ ಮಾಡಿ ಕೂರಿಸಿದೆ. ಪಾಪದ ಕರಡಿ, ಅದರ ಕಣ್ಣು ಬರೀ ಗುಂಡಿ.

ಒಂದು ಶನಿವಾರ ಮಧ್ಯಾಹ್ನ ಯಜಮಾನಿ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ನಾನು ಕೆಲಸಕ್ಕೆ, ದೊಡ್ಡವಳು ಶಿಶುವಿಹಾರಕ್ಕೆ ಹೋದಮೇಲೆ ಇವರ ಅಪ್ಪ ಇಲ್ಲಿಗೆ ಬರುತ್ತಾನೆ. ನೀನೇ ಬಾಗಿಲು ತೆಗೆಯುತ್ತೀಯ. ಚಿಕ್ಕವನು ದಿನಾ ಹೇಳುತ್ತಾನೆ. ಬಾಳೆಹಣ್ಣು ಯಾರು ತಿಂದದ್ದು ಎಂದರೆ ಪಾಪಾ. ಮಂಚದ ಮೇಲೆ ಯಾರು ಮಲಗಿದ್ದು ಎಂದರೆ ಪಾಪಾ."

ನಾನು ಇಲ್ಲ ಇಲ್ಲ ಎಂದಷ್ಟೂ ಅವರ ತುಟಿ ಬಿಗಿಯಾಯಿತು. ಎರಡು ವರ್ಷದ ಮಗು ಸುಳ್ಳು ಹೇಳುತ್ತದೆಯೇ ಎಂದರು. ನಾನು ಸ್ನಾನಕ್ಕೆ ಹೋದಾಗ ಆ ಮನುಷ್ಯ ನಿಜವಾಗಿಯೂ ಬಂದು ಹೋಗುತ್ತಾನೋ ಏನೋ ಎಂದು ಒಂದು ಗಳಿಗೆ ನನಗೇ ಅನುಮಾನವಾಯಿತು.

ಅಷ್ಟರಲ್ಲಿ ಊರಿನಿಂದ ಅವ್ವನ ವಿಡಿಯೊ ಕಾಲ್. ಗಾಬರಿಯಲ್ಲಿ ಕಟ್ ಮಾಡಲು ಹೋಗಿ ಒತ್ತಿದ್ದು ಹಸಿರು ಬಟನ್.

"ಏನವ್ವಾ, ಉಂಡ್ಯಾ? ಪಾಪ ಉಂಡ್ತಾ? ಪಾಪ ಎಲ್ಲೈತೆ, ತೋರ್ಸು!"

ಹುಡುಗ ಓಡಿಬಂದು ಎದೆ ತಟ್ಟಿಕೊಂಡು "ಪಾಪಾ!" ಎಂದ.

ಅವರಲ್ಲಿ ಪಾಪಾ ಎಂದರೆ ಅಪ್ಪ, ನಮ್ಮಲ್ಲಿ ಕೂಸು. ಯಜಮಾನಿಯ ಎದುರು ನಾನು ಜರ್ಮನ್ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಅವರು ಹೊಸಿಲು ದಾಟಿದರೆ ಸಾಕು, ಪಾಪ ಬಾ, ಪಾಪ ಉಣ್ಣು, ಪಾಪ ಮಲಗ್ತು. ಚಳ್ಳಕೆರೆಯ ಅತ್ತೆಯ ಮನೆಯಲ್ಲಿ ಕೂತು ಫೋನಿನಲ್ಲಿ ಜರ್ಮನ್ ಕಲಿತ ಮೊದಲ ವಾರವೇ ಆ ಪದದ ಅರ್ಥ ಬಾಯಿಪಾಠ ಮಾಡಿದ್ದೆ. ಆದರೂ ಹೊಳೆಯಲಿಲ್ಲ.

ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

"ನಿನ್ನೆಯೇ ವಕೀಲರಿಗೆ ಬರೆದುಬಿಟ್ಟೆ. ಇನ್ನು ಭಾನುವಾರವೂ ಬರಬೇಡ ಎಂದು ಅವನಿಗೂ ತಿಳಿಸಿದ್ದೇನೆ."

"ಹಾಗಾದರೆ ಈಗಲೇ ಫೋನ್ ಮಾಡಿ, ತಪ್ಪಾಯಿತೆನ್ನಿ," ಎಂದೆ.

ಫೋನ್ ಕೈಗೆತ್ತಿಕೊಂಡರು. ನೋಡಿದರು. ಮೇಜಿನ ಮೇಲೆ ಬೋರಲಾಗಿ ಇಟ್ಟರು. "ಆಮೇಲೆ ನೋಡೋಣ," ಎಂದರು. ಅವರಿಗೆ ಒಂದು ನೆಪ ಬೇಕಿತ್ತು, ನನ್ನ ಬಾಯಿಂದ ಅದು ಸಿಕ್ಕಿತು ಎಂಬ ಅನುಮಾನ ಆಗ ನನಗೆ ಹತ್ತಿದ್ದು ಇಂದಿಗೂ ಬಿಟ್ಟಿಲ್ಲ.

ಮರುದಿನ ಭಾನುವಾರ. ಬೆಳಿಗ್ಗೆಯೇ ಹುಡುಗಿ ತಾನೂ ಶೂ ಹಾಕಿಕೊಂಡು, ತಮ್ಮನಿಗೂ ಹಾಕಿಸಿ, ಬಾಗಿಲ ಬಳಿ ಕೂತಳು. ಯಜಮಾನಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

"ನೀನೇ ಹೇಳು ಮಕ್ಕಳಿಗೆ," ಎಂದರು.