ಹದಿಮೂರನೆಯ ಕುರ್ಚಿ

ಟಿವಿ ನಾಟಕ ಮುಗಿದದ್ದೇ ತಡ, ಊರಿನ ಸಭಾಭವನದಲ್ಲಿ ಜಗಳ ಶುರುವಾಯಿತು. ನಮ್ಮ ನೀಗಾತಾ ಬೆಟ್ಟದೂರಿನ ವಾಕುಯಿ ಮೇಷ್ಟ್ರ ಕಥೆ ಅದು. ಹಿಮದ ಬಿರುಗಾಳಿಯಲ್ಲಿ ಹನ್ನೆರಡು ಮಕ್ಕಳಿಗೆ ಒಂದೇ ಹಗ್ಗ ಹಿಡಿಸಿ ಮನೆ ಮುಟ್ಟಿಸಿದ ಪುಣ್ಯಾತ್ಮರು. ಚಿತ್ರೀಕರಣವೂ ಮುಚ್ಚಿಹೋದ ನಮ್ಮ ಶಾಲೆಯಲ್ಲೇ ನಡೆದಿತ್ತು.

“ಅತ್ತೂ ಅತ್ತೂ ನನ್ನ ಟವೆಲ್ಲೇ ನೆಂದೋಯ್ತು. ಇಂಥ ಮೇಷ್ಟ್ರು ಸಿಕ್ಕಿದ್ರೆ ನಾನೂ ಉದ್ಧಾರ ಆಗ್ತಿದ್ದೆ,” ಎಂದಳು ತೋಫು ಅಂಗಡಿಯ ಹಿಸಾಏ.

“ನಿನ್ನ ಉದ್ಧಾರ ಮಾಡೋಕೆ ಬುದ್ಧನೇ ಇಳಿದು ಬರ್ಬೇಕು,” ಎಂದ ನಿವೃತ್ತ ಪೋಸ್ಟ್‌ಮ್ಯಾನ್ ಇವಾಓ. “ಸತ್ತೋರೆಲ್ಲ ಟಿವೀಲಿ ದೇವ್ರಾಗ್ಬಿಡ್ತಾರೆ! ಅದೂ ಅಲ್ದೆ ಹಾಜರಿ ಕರೆಯೋವಾಗ ಹೆಸರು ಹನ್ನೆರಡು, ‘ಇದ್ದೀನಿ’ ಅಂದಿದ್ದು ಹದಿಮೂರು ಸಲ. ಎಣಿಸಿದೀನಿ ನಾನು.”

“ಕಾಗದ ಎಣಿಸೋ ಚಾಳಿ ಇನ್ನೂ ಹೋಗಿಲ್ಲ ನೋಡು ಇವನಿಗೆ!” ಎಂದಳು ಹಿಸಾಏ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಕಿಯೋನಮ್ಮ ನನ್ನ ಮೊಣಕೈ ಹಿಡಿದು ಮೆಲ್ಲಗೆ, “ಅದು ನಮ್ಮ ಚಿಝು ದನಿ ಕಣೋ ತೊಕು,” ಎಂದಿದ್ದರು.

ಕಿಯೋನಮ್ಮನಿಗೆ ಈಗ ತೊಂಬತ್ತರ ಹತ್ತಿರ. ಚಿಝು ಅವರ ಒಬ್ಬಳೇ ಮಗಳು, ನನ್ನ ತರಗತಿಯವಳು. ಹೆಸರು ಕರೆಯುವವರೆಗೆ ಯಾರೂ ಮನೆಗೆ ಹೊರಡಬಾರದು ಎಂಬುದು ವಾಕುಯಿ ಮೇಷ್ಟ್ರ ಕಟ್ಟುನಿಟ್ಟು. ಬಿರುಗಾಳಿಯ ದಿನ ಅವರು ಗಾಬರಿಯಲ್ಲಿ ಒಬ್ಬೊಬ್ಬರನ್ನೇ ಕರೆದು ಹಗ್ಗ ಹಿಡಿಸಿ ಹೊರಡಿಸಿದರು. ಒಲೆಗೆ ಸೌದೆ ತರಲು ಹಿಂದಿನ ಕೊಟ್ಟಿಗೆಗೆ ಹೋಗಿದ್ದ ಚಿಝುವನ್ನು ಕರೆಯಲೇ ಇಲ್ಲ. ಯಾರದೋ ಮನೆಯಲ್ಲಿ ಉಳಿದಿರಬೇಕು ಎಂದುಕೊಂಡರು ಮನೆಯವರು. ಮರುದಿನ ನೋಡಿದರೆ ಮಗು ತನ್ನ ಕುರ್ಚಿಯಲ್ಲೇ ಕೈಕಟ್ಟಿ ಕೂತಿತ್ತು. ಹೆಸರು ಕರೆಯಲಿ ಎಂದು ಕಾದು, ಹಾಗೇ ಹೆಪ್ಪುಗಟ್ಟಿತ್ತು.

ನಮ್ಮ ಕಡೆ ಸತ್ತ ಮಗುವಿನ ಹೆಸರನ್ನೂ ಶಾಲೆ ಮುಗಿಸುವ ಬೀಳ್ಕೊಡುಗೆಯ ದಿನ ಕರೆಯುತ್ತಾರೆ. ಅದರ ಪರವಾಗಿ ಜೊತೆಯವರು “ಇದ್ದೀನಿ” ಎನ್ನುತ್ತಾರೆ. ಮೇಷ್ಟ್ರು ಅವತ್ತೂ ಆ ಹೆಸರು ಹಾರಿಸಿದರು. ಮಗಳ ಫೋಟೋ ಮಡಿಲಲ್ಲಿಟ್ಟುಕೊಂಡು ಕಿಯೋನಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. ಮಾರನೆಯ ವಾರ ಅದೇ ಶಾಲೆಯಲ್ಲಿ ಆಯಾ ಕೆಲಸಕ್ಕೆ ಸೇರಿ, ಶಾಲೆ ಮುಚ್ಚುವವರೆಗೂ ಒಲೆ ಆರದಂತೆ ನೋಡಿಕೊಂಡರು.

ಚಿತ್ರೀಕರಣಕ್ಕೂ ಒಲೆ ಹೊತ್ತಿಸಲು ಅವರನ್ನೇ ಕರೆದಿದ್ದರು. ಟಿವಿಯವರು ಹಳೆಯ ತರಗತಿ ಫೋಟೋ ನೋಡಿ, ಸಾಲಾಗಿ ನಿಂತವರನ್ನು ಎಣಿಸಿ ಹನ್ನೆರಡು ಕುರ್ಚಿ ಹಾಕಿದ್ದರು. ಮೇಲಿನ ಮೂಲೆಯಲ್ಲಿ ದುಂಡಗೆ ಕತ್ತರಿಸಿ ಅಂಟಿಸಿದ ಚಿಝುವಿನ ಮುಖವನ್ನು ಎಣಿಸಲೇ ಇಲ್ಲ, ದಡ್ಡ ಶಿಖಾಮಣಿಗಳು! ಕಿಯೋನಮ್ಮ ತಾವೇ ಹಿಂದಿನ ಸಾಲಿಗೆ ಹದಿಮೂರನೆಯ ಕುರ್ಚಿಯನ್ನು ಎಳೆದುಹಾಕಿದರು.

ಆ ಹದಿಮೂರನೆಯ ದನಿಯ ಬಗ್ಗೆ ಟಿವಿಯವರಿಗೆ ರಾಶಿ ದೂರು ಹೋಯಿತು. ಮುಂದಿನ ಭಾನುವಾರದ ಮರುಪ್ರಸಾರದಲ್ಲಿ ಅಳಿಸುತ್ತೇವೆ ಎಂದು ಉತ್ತರ ಬಂತು. ಕಿಯೋನಮ್ಮ ಬಂದು ನನ್ನ ಬಾಗಿಲು ತಟ್ಟಿದರು.

“ಅಳಿಸಿಬಿಡ್ತಾರಂತೆ ಕಣೋ. ಅಷ್ಟರಲ್ಲಿ ಅವಳ ಹೆಸರು ಕರೀಬೇಕು. ಊರಲ್ಲಿ ಆ ತರಗತಿಯೋನು ನೀನೊಬ್ಬನೇ ಉಳಿದಿರೋದು.”

ಶನಿವಾರ ಮಧ್ಯಾಹ್ನ ಶಾಲೆಯ ಬೀಗ ತೆಗೆದೆವು. ಒಳಗೆ ಎಲ್ಲ ಕುರ್ಚಿಗಳ ಮೇಲೂ ಧೂಳು ಕೂತಿತ್ತು, ಹಿಂದಿನ ಒಂದನ್ನು ಬಿಟ್ಟು. ಕಿಯೋನಮ್ಮ ಅದನ್ನು ನೋಡಿಯೂ ನೋಡದವರಂತೆ ಒಲೆ ಹೊತ್ತಿಸಿದರು.

ಮೇಷ್ಟ್ರ ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಕೈಗೆತ್ತಿಕೊಂಡೆ. ಐವತ್ತೈದು ವರ್ಷ ನುಂಗಿಕೊಂಡಿದ್ದು ತಾನಾಗಿಯೇ ಹೊರಬಂತು.

“ಅವತ್ತು ಸೌದೆ ತರೋ ಸರದಿ ನಂದು ಕಣಮ್ಮ. ಚಳಿ ಅಂತ ಅವಳನ್ನ ಕಳಿಸ್ದೆ. ಮೇಷ್ಟ್ರು ಹೊರಡಿಸೋವಾಗ ಬೈತಾರೆ ಅಂತ ಬಾಯೇ ಬಿಡ್ಲಿಲ್ಲ. ನಾನು ಪಾಪಿ.”

ಕಿಯೋನಮ್ಮ ಒಲೆಯಿಂದ ಮುಖ ತಿರುಗಿಸಲಿಲ್ಲ.

“ಗೊತ್ತು. ಹತ್ತು ವರ್ಷದ ಹುಡುಗ ಕೇಳದೇನೇ ಬಂದು ನನ್ನಂಗಳದ ಹಿಮ ಎತ್ತೋಕೆ ಶುರು ಮಾಡ್ದಾಗ್ಲೇ ಗೊತ್ತಾಯ್ತು. ಬೈಯೋದು ಇನ್ನೊಂದಿನ ಬೈತೀನಿ. ಈಗ ಕರಿ.”

ಮನೆತನದ ಹೆಸರು ಸೇರಿಸಿ ಕರೆದೆ. “ಹೋಶಿನಾ ಚಿಝು.”

ಒಲೆಯಲ್ಲಿ ಸೌದೆ ಚಟಪಟ ಎಂದಿತು. ಉತ್ತರ ಬರಲಿಲ್ಲ. ಕಿಯೋನಮ್ಮನ ಮುಖ ಕಪ್ಪಿಟ್ಟಿತು. ಆಗ ಪದ್ಧತಿ ನೆನಪಾಯಿತು: ಉತ್ತರ ಕೊಡಬೇಕಾದವರು ನಾವು. ನಾನು ನೆಟ್ಟಗೆ ನಿಂತು ಹುಡುಗನ ಹಾಗೆ ಕೂಗಿದೆ, “ಇದ್ದೀನಿ!”

ಕೂಗಿದ್ದು ನಾನೊಬ್ಬನೇ. ಕೇಳಿಸಿದ್ದು ಮಾತ್ರ ಎರಡು ದನಿ.

ಕಿಯೋನಮ್ಮ ಒಲೆ ಆರಿಸಿದರು. ಹಿಂದಿನ ಕುರ್ಚಿಯ ಬಳಿ ಹೋಗಿ ಬಗ್ಗಿ, “ಬಾರಮ್ಮ, ಮನೆಗೆ ಹೋಗೋಣ,” ಎಂದು ಕೈ ಚಾಚಿದರು. ಬಾಗಿಲು ದಾಟುವಾಗಲೂ ಆ ಕೈ ಯಾರನ್ನೋ ಹಿಡಿದಂತೆ ಹಾಗೇ ಇತ್ತು. ನಾನು ಮುಂದೆ ನಡೆದೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಮರುದಿನ ಸಭಾಭವನದಲ್ಲಿ ಮರುಪ್ರಸಾರ ನೋಡುತ್ತ ಇವಾಓ ಬೆರಳು ಮಡಚಿ ಎಣಿಸಿದ. “ಈ ಸಲ ಹನ್ನೆರಡೇ! ಸರಿಯಾಗಿ ಅಳಿಸಿದಾರೆ.” ಹಿಸಾಏ ಮತ್ತೆ ಅತ್ತಳು. ದನಿ ಅಳಿಸಲು ಸಮಯ ಸಾಲದೆ ಮೊದಲಿನದನ್ನೇ ತೋರಿಸಿದೆವು, ಕ್ಷಮಿಸಿ ಎಂದು ಬುಧವಾರ ಟಿವಿಯವರ ಕಾಗದ ಬಂತು.

ಕಾಗದ ಹಿಡಿದು ಕಿಯೋನಮ್ಮನ ಮನೆಗೆ ಹೋದೆ. ರಾತ್ರಿ ಬಿದ್ದ ಹಿಮ ಬಾಗಿಲವರೆಗೂ ಇತ್ತು. ಸಲಿಕೆ ತೆಗೆದುಕೊಂಡು ಎತ್ತತೊಡಗಿದೆ. ಬಾಗಿಲು ಒಂದಿಷ್ಟು ಸರಿಯಿತು.

“ಮೆತ್ತಗೆ ಎತ್ತೋ ತೊಕು,” ಎಂದರು ಕಿಯೋನಮ್ಮ. “ಈಗಷ್ಟೇ ಮಲಗಿದಾಳೆ.”